ಫೋನ್ ಇಡೋದು, ಸುದ್ದಿ ಹೊರಬೀಳೋದು: ಮಾತು ಮತ್ತು ಮಾಧ್ಯಮದ ಫ್ರೇಸಲ್ ವರ್ಬ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿ ಈಗ ಕೆಲಸ ಹುಡುಕುತ್ತಿರುವವರು. ವ್ಯಾಕರಣ ಅವರಿಗೆ ಚೆನ್ನಾಗಿ ಬರುತ್ತದೆ. ಟೆನ್ಸ್ ಕೇಳಿದರೆ ಪಟಪಟ ಅಂತ ಹೇಳುತ್ತಾರೆ. ಆದರೆ ಫೋನಿನಲ್ಲಿ ಆ ಕಡೆಯವರು ‘ಹ್ಯಾಂಗ್ ಆನ್’ ಅಂದರೆ ಸಾಕು, ಗಾಬರಿ. ನನಗೂ ಹಾಗೇ ಆಗಿತ್ತು. ನನ್ನ ಮೊದಲ ಫೋನ್ ಇಂಟರ್‌ವ್ಯೂನಲ್ಲಿ ‘ಹ್ಯಾಂಗ್ ಆನ್’ ಅಂದರು. ಫೋನ್ ಇಡು ಅಂದರೇನೋ ಅಂದುಕೊಂಡು ಇಟ್ಟುಬಿಟ್ಟೆ. ಅವರು ಹೇಳಿದ್ದು ‘ಸ್ವಲ್ಪ ತಾಳಿ’ ಅಂತ. ಆ ಕೆಲಸ ಸಿಗಲಿಲ್ಲ. ಇನ್ನೊಬ್ಬರಿಗೆ ಹಾಗಾಗಬಾರದು. ಅದಕ್ಕೇ ತರಗತಿಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಫ್ರೇಸಲ್ ವರ್ಬ್ ಅಂದರೆ ಏನು?

ಒಂದು ಸಾಮಾನ್ಯ ಕ್ರಿಯಾಪದ, ಅದರ ಬೆನ್ನಿಗೆ ಅಪ್, ಔಟ್, ಆಫ್, ಆನ್, ಥ್ರೂ ಥರದ ಒಂದು ಪುಟ್ಟ ಪದ. ಎರಡೂ ಸೇರಿದಾಗ ಹೊಸ ಅರ್ಥ ಹುಟ್ಟುತ್ತದೆ. ‘ಹ್ಯಾಂಗ್’ ಅಂದರೆ ನೇತುಹಾಕು. ‘ಹ್ಯಾಂಗ್ ಅಪ್’ ಅಂದರೆ ಫೋನ್ ಇಡು. ‘ಕಾಲ್’ ಅಂದರೆ ಕರೆ. ‘ಕಾಲ್ ಆಫ್’ ಅಂದರೆ ಕೈಬಿಡು, ರದ್ದು ಮಾಡು.

ಈ ಹೆಸರು ತೀರಾ ಹಳೆಯದಲ್ಲ. 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ಅನ್ನುವ ಲೇಖಕರು ಬಳಕೆಗೆ ತಂದರು. ಹೆಸರು ಸೂಚಿಸಿದ್ದು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರಾಡ್ಲಿ. ಇವುಗಳ ಕಷ್ಟ ಮಾತ್ರ ಅದಕ್ಕಿಂತ ತುಂಬಾ ಹಳೆಯದು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲೇ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಇದನ್ನು ಬರೆದಿದ್ದಾರೆ. ಕ್ರಿಯಾಪದದ ಹಿಂದೆ ಪುಟ್ಟ ಪದ ಸೇರಿಸಿ ಅರ್ಥ ಬದಲಿಸುವ ಈ ಪದ್ಧತಿಯೇ ಪರಭಾಷೆಯವರಿಗೆ ಎಲ್ಲಕ್ಕಿಂತ ಕಷ್ಟ ಕೊಡುತ್ತದೆ ಅಂತ. ಹಾಗಾಗಿ ‘ನನಗೊಬ್ಬನಿಗೇ ತಲೆಗೆ ಹೋಗುತ್ತಿಲ್ಲ’ ಅಂತ ಯಾರೂ ಕೊರಗಬೇಡಿ.

ಎರಡು ಪದದ ಅರ್ಥವೂ ಗೊತ್ತು. ಸೇರಿದಾಗ ಬೇರೆಯೇ ಆಗುವುದು ಅನ್ಯಾಯ ಅಲ್ವಾ?

ಕನ್ನಡದಲ್ಲಿ ನಾವೂ ದಿನಾ ಇದನ್ನೇ ಮಾಡುತ್ತೇವೆ. ‘ಹೇಳು’ ತೆಗೆದುಕೊಳ್ಳಿ. ಹೇಳಿಬಿಡು, ಹೇಳಿಕೊಡು, ಹೇಳಿಕೊಳ್ಳು, ಹೇಳಿಕಳಿಸು. ನಾಲ್ಕೂ ಬೇರೆ ಬೇರೆ. ಗುಟ್ಟನ್ನು ಹೇಳಿಬಿಡುತ್ತೇವೆ. ಪಾಠ ಹೇಳಿಕೊಡುತ್ತೇವೆ. ಕಷ್ಟ ಹೇಳಿಕೊಳ್ಳುತ್ತೇವೆ. ಊರಿಗೆ ಸುದ್ದಿ ಹೇಳಿಕಳಿಸುತ್ತೇವೆ. ಕನ್ನಡ ಕಲಿಯಲು ಬಂದ ಹೊರಗಿನವರು ಕೇಳಬಹುದು: ಕೊಡು ಅಂದರೆ ಕೈಯಿಂದ ಕೈಗೆ ಕೊಡೋದು, ಪಾಠ ಹೇಳಿಕೊಡುವಾಗ ಕೈಗೆ ಏನು ಕೊಟ್ಟಿರಿ? ನಮ್ಮ ಹತ್ತಿರ ಉತ್ತರ ಇಲ್ಲ. ಆದರೆ ತಪ್ಪೂ ಆಗುವುದಿಲ್ಲ. ಯಾಕೆಂದರೆ ಅದನ್ನು ಪಟ್ಟಿ ಮಾಡಿ ಕಲಿತಿಲ್ಲ, ಸಂದರ್ಭದ ಜೊತೆ ಕಲಿತಿದ್ದೇವೆ.

ಇನ್ನೂ ಹತ್ತಿರದ ಜೋಡಿಗಳಿವೆ. ಹಗರಣವನ್ನು ನಾವು ‘ಮುಚ್ಚಿಹಾಕು’ತ್ತೇವೆ. ಇಂಗ್ಲಿಷಿನಲ್ಲಿ ‘ಕವರ್ ಅಪ್’. ‘ಕವರ್’ ಅಂದರೂ ಮುಚ್ಚುವುದೇ. ಮಾತಿನ ನಡುವೆ ಒಂದು ವಿಷಯ ‘ಎತ್ತು’ತ್ತೇವೆ. ಅವರು ‘ಬ್ರಿಂಗ್ ಅಪ್’ ಮಾಡುತ್ತಾರೆ. ಅಲ್ಲೂ ಕೆಳಗಿದ್ದದ್ದನ್ನು ಮೇಲೆ ತರುವುದೇ. ಅರ್ಥವಾಗದವರಿಗೆ ‘ಬಿಡಿಸಿ ಹೇಳು’ತ್ತೇವೆ. ಅದು ‘ಸ್ಪೆಲ್ ಔಟ್’, ಒಂದೊಂದೇ ಅಕ್ಷರ ಬಿಡಿಸಿದ ಹಾಗೆ. ದುಃಖವನ್ನು ‘ತೋಡಿಕೊಳ್ಳು’ತ್ತೇವೆ. ಅವರು ‘ಪೋರ್ ಔಟ್’ ಅನ್ನುತ್ತಾರೆ. ನಾವು ಬಾವಿ ತೋಡಿದ ಹಾಗೆ ತೋಡುತ್ತೇವೆ, ಅವರು ಕೊಡದಿಂದ ಸುರಿಯುತ್ತಾರೆ. ಎರಡರಲ್ಲೂ ಒಳಗಿದ್ದದ್ದು ಹೊರಗೆ ಬರುತ್ತದೆ. ಈ ಜೋಡಿಯನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಮುಖಗಳು ಅರಳುವುದನ್ನು ನೋಡಿದ್ದೇನೆ.

ಇರುವ ವ್ಯತ್ಯಾಸ ಇಷ್ಟೇ. ನಮ್ಮ ಪುಟ್ಟ ಪದಗಳು ಕೊಡು, ಬಿಡು, ಹಾಕು, ಕೊಳ್ಳು ಅನ್ನುವ ಕ್ರಿಯಾಪದಗಳು. ಅವರ ಪುಟ್ಟ ಪದಗಳು ದಿಕ್ಕುಗಳು: ಮೇಲೆ, ಹೊರಗೆ, ಆಚೆ, ಹಾಯ್ದು, ವಾಪಸ್. ಆ ದಿಕ್ಕು ಕಣ್ಣಿಗೆ ಕಂಡರೆ ಅರ್ಧ ಕೆಲಸ ಮುಗಿಯಿತು.

ಫೋನ್ ಇಡುವುದಕ್ಕೆ ‘ನೇತುಹಾಕು’ ಅಂತ ಯಾಕೆ ಅನ್ನುತ್ತಾರೆ?

ಒಂದು ಕಾಲದಲ್ಲಿ ನಿಜವಾಗಿಯೂ ನೇತುಹಾಕುತ್ತಿದ್ದರು. ಅಲೆಕ್ಸಾಂಡರ್ ಗ್ರಹಾಂ ಬೆಲ್ ಫೋನಿನಲ್ಲಿ ಮೊದಲ ಬಾರಿ ಮಾತಾಡಿದ್ದು 1876ರ ಮಾರ್ಚ್ 10ರಂದು. ಆಮೇಲೆ ಬಂದ ಫೋನುಗಳು ಗೋಡೆಯ ಮೇಲಿನ ಮರದ ಪೆಟ್ಟಿಗೆಗಳು. ಕಿವಿಗೆ ಹಿಡಿಯುವ ಭಾಗ ಪಕ್ಕದ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಮಾತು ಮುಗಿದ ಮೇಲೆ ಅದನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಬೇಕು. ಅದರ ಭಾರಕ್ಕೆ ಕೊಕ್ಕೆ ಕೆಳಗೆ ಇಳಿದು ಲೈನ್ ಕಡಿಯುತ್ತಿತ್ತು. ಅದೇ ‘ಹ್ಯಾಂಗ್ ಅಪ್’. ಕೊಕ್ಕೆ ಹೋಗಿ ನೂರು ವರ್ಷದ ಹತ್ತಿರ ಆಯಿತು, ಮಾತು ಉಳಿಯಿತು.

ನಮ್ಮ ‘ಫೋನ್ ಇಡ್ತೀನಿ’ಯೂ ಹಾಗೇ. ಮೇಜಿನ ಮೇಲಿನ ಫೋನಿನಲ್ಲಿ ರಿಸೀವರ್ ತೆಗೆದು ಇಡುತ್ತಿದ್ದ ಕಾಲದ್ದು. ಈಗ ಮೊಬೈಲ್ ಕೈಯಲ್ಲೇ ಇರುತ್ತದೆ, ಆದರೂ ‘ಇಡ್ತೀನಮ್ಮಾ’ ಅನ್ನುತ್ತೇವೆ. ಇದಕ್ಕೆ ತುಂಬಾ ಹತ್ತಿರದ ಇಂಗ್ಲಿಷ್ ‘ಪುಟ್ ದ ಫೋನ್ ಡೌನ್’.

‘ಪುಟ್ ಥ್ರೂ’, ಅಂದರೆ ಲೈನ್ ಸೇರಿಸಿಕೊಡು, ಕೂಡ ಆ ಕಾಲದ್ದೇ. ಎಕ್ಸ್‌ಚೇಂಜಿನಲ್ಲಿ ಕೂತ ಆಪರೇಟರ್ ಒಂದು ವೈರನ್ನು ಇಲ್ಲಿಂದ ತೆಗೆದು ಅಲ್ಲಿ ಚುಚ್ಚಿ ನಿಮ್ಮ ದನಿಯನ್ನು ಆ ಕಡೆಗೆ ಹಾಯಿಸುತ್ತಿದ್ದರು. ನಮ್ಮ ದೇಶದಲ್ಲಿ ಎಸ್‌ಟಿಡಿ, ಅಂದರೆ ಆಪರೇಟರ್ ಇಲ್ಲದೆ ದೂರದ ಊರಿಗೆ ನಾವೇ ನೇರವಾಗಿ ಫೋನ್ ಮಾಡುವ ವ್ಯವಸ್ಥೆ, ಶುರುವಾಗಿದ್ದು 1960ರಲ್ಲಿ, ಲಖನೌ ಮತ್ತು ಕಾನ್ಪುರದ ನಡುವೆ. ಅದಕ್ಕೆ ಮುಂಚೆ, ಎಷ್ಟೋ ಊರುಗಳಲ್ಲಿ ಆಮೇಲೆಯೂ, ದೂರದ ಊರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಕೊನೆಗೆ ‘ಲೈನ್ ಸಿಕ್ತು’ ಅನ್ನುತ್ತಿದ್ದರಲ್ಲ ಹಿರಿಯರು, ಅದೇ ‘ಗೆಟ್ ಥ್ರೂ’. ‘ಐ ಕುಡಂಟ್ ಗೆಟ್ ಥ್ರೂ ಟು ಹರ್’ ಅಂದರೆ ಅವಳಿಗೆ ಲೈನ್ ಸಿಗಲಿಲ್ಲ. ಮಧ್ಯೆ ಕಡಿದುಹೋದರೆ ‘ವಿ ಗಾಟ್ ಕಟ್ ಆಫ್’.

ಇನ್ನು ‘ಹ್ಯಾಂಗ್ ಆನ್’, ‘ಹೋಲ್ಡ್ ಆನ್’. ಎರಡೂ ‘ತಾಳಿ, ಲೈನಿನಲ್ಲೇ ಇರಿ’. ‘ಆನ್’ ಇದ್ದರೆ ಮುಂದುವರಿಯುತ್ತಿದೆ ಅಂತ ನೆನಪಿಡಿ. ಗೋ ಆನ್, ಕ್ಯಾರಿ ಆನ್, ರೀಡ್ ಆನ್, ಎಲ್ಲದರಲ್ಲೂ ಅದೇ ಅರ್ಥ. ಮಾತಾಡುತ್ತಿರುವಾಗಲೇ ಯಾರಾದರೂ ಸಿಟ್ಟಿನಿಂದ ಫೋನ್ ಕುಕ್ಕಿದರೆ ‘ಹಿ ಹಂಗ್ ಅಪ್ ಆನ್ ಮಿ’. ಇಲ್ಲಿ ‘ಆನ್ ಮಿ’ ಬಂದರೆ ಅವಮಾನದ ಅರ್ಥ ಬರುತ್ತದೆ. ಸುಮ್ನೆ ಮಾತು ಮುಗಿಸಿ ಇಟ್ಟವರಿಗೆ ಇದನ್ನು ಹೇಳಬೇಡಿ.

‘ಐ ವಿಲ್ ಕೀಪ್ ದ ಫೋನ್’ ತಪ್ಪಾ? ಇಂಥ ಬೇರೆ ತಪ್ಪುಗಳು ಯಾವುವು?

ತಪ್ಪು. ಕೇಳಿದವರಿಗೆ ‘ಈ ಫೋನ್ ನಾನೇ ಇಟ್ಟುಕೊಳ್ಳುತ್ತೇನೆ’ ಅಂತ ಅರ್ಥವಾಗುತ್ತದೆ. ‘ಐ ಹ್ಯಾವ್ ಟು ಹ್ಯಾಂಗ್ ಅಪ್ ನೌ’ ಅಥವಾ ಬರೀ ‘ಐ ಹ್ಯಾವ್ ಟು ಗೋ’ ಅನ್ನಿ. ಕನ್ನಡದಿಂದ ನೇರ ಜಾರಿ ಬರುವ ಇನ್ನು ಕೆಲವನ್ನು ದಿನಾ ಕೇಳುತ್ತೇನೆ.

‘ಫೋನ್ ಪಿಕ್ ಮಾಡ್ತಿಲ್ಲ’ ಅನ್ನುವ ಅಭ್ಯಾಸದಿಂದ ‘ಹಿ ಇಸ್ ನಾಟ್ ಪಿಕಿಂಗ್’ ಬರುತ್ತದೆ. ‘ಅಪ್’ ಬಿಟ್ಟರೆ ಆಗುವುದಿಲ್ಲ: ‘ಹಿ ಇಸ್ ನಾಟ್ ಪಿಕಿಂಗ್ ಅಪ್’. ‘ಅವನಿಗೆ ಕಾಲ್ ಮಾಡು’ ಅನ್ನುವುದರಿಂದ ‘ಕಾಲ್ ಟು ಹಿಮ್’ ಬರುತ್ತದೆ. ‘ಕಾಲ್ ಹಿಮ್’ ಸಾಕು. ‘ಅದರ ಬಗ್ಗೆ ಚರ್ಚೆ’ಯಿಂದ ‘ಡಿಸ್ಕಸ್ ಅಬೌಟ್’ ಬರುತ್ತದೆ. ‘ಡಿಸ್ಕಸ್’ಗೆ ಬಾಲ ಬೇಡ. ಬಾಲ ಬೇಕೇ ಬೇಕು ಅನಿಸಿದರೆ ‘ಟಾಕ್ ಇಟ್ ಓವರ್’ ಅನ್ನಿ, ಕೂತು ಮಾತಾಡೋಣ ಅನ್ನುವ ಒಳ್ಳೆಯ ಅರ್ಥ ಅದಕ್ಕಿದೆ. ನಿಭಾಯಿಸುವುದಕ್ಕೆ ‘ಕೋಪ್ ಅಪ್ ವಿತ್’ ಅಲ್ಲ, ‘ಕೋಪ್ ವಿತ್’. ‘ಟಿವಿ ಆನ್ ಮಾಡು’ ಕನ್ನಡದಲ್ಲಿ ಸರಿ, ಇಂಗ್ಲಿಷಿನಲ್ಲಿ ‘ಆನ್ ದ ಟಿವಿ’ ಅಂದರೆ ಟಿವಿಯ ಮೇಲೆ. ‘ಟರ್ನ್ ಆನ್’ ಅಥವಾ ‘ಸ್ವಿಚ್ ಆನ್’ ಬೇಕು.

‘ಪಾಸ್ ಔಟ್’ ವಿಷಯ ಬೇರೆ. ‘ಐ ಪಾಸ್ಡ್ ಔಟ್ ಇನ್ 2019’ ಭಾರತದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಲಂಡನ್ನಿನವರೋ ನ್ಯೂಯಾರ್ಕಿನವರೋ ಕೇಳಿದರೆ ಆ ವರ್ಷ ಪ್ರಜ್ಞೆ ತಪ್ಪಿ ಬಿದ್ದಿರಿ ಅಂದುಕೊಳ್ಳುತ್ತಾರೆ. ಅವರ ಜೊತೆ ‘ಗ್ರಾಜುಯೇಟೆಡ್’ ಬಳಸಿ.

ವಿಡಿಯೋ ಕಾಲ್‌ನಲ್ಲಿ ‘ಯು ಆರ್ ಬ್ರೇಕಿಂಗ್ ಅಪ್’ ಅಂದರು. ಏನರ್ಥ?

ನಿಮ್ಮ ದನಿ ತುಂಡು ತುಂಡಾಗಿ ಕೇಳಿಸುತ್ತಿದೆ ಅಂತ. ನಿಮ್ಮ ಇಂಗ್ಲಿಷ್ ಬಗ್ಗೆ ಅಲ್ಲ, ನೆಟ್‌ವರ್ಕ್ ಬಗ್ಗೆ. ಮದುವೆ ಮುರಿಯುವುದಕ್ಕೂ ಇದೇ ಪದ ಇರುವುದರಿಂದ ಕೆಲವರು ಬೆಚ್ಚುತ್ತಾರೆ. ‘ಕುಡ್ ಯು ಸ್ಪೀಕ್ ಅಪ್’ ಅಂದರೆ ಸ್ವಲ್ಪ ಜೋರಾಗಿ ಮಾತಾಡಿ. ‘ಐ ವಿಲ್ ಕಾಲ್ ಯು ಬ್ಯಾಕ್’ ಅಂದರೆ ನಾನೇ ವಾಪಸ್ ಮಾಡುತ್ತೇನೆ.

‘ಆಫ್’ ಅಂದರೆ ನಿಲ್ಲೋದು. ಹಾಗಾದರೆ ‘ದ ಅಲಾರಂ ವೆಂಟ್ ಆಫ್’ ಅಂದರೆ ಅಲಾರಂ ಹೊಡೆಯಿತು ಅಂತ ಹೇಗೆ?

ಇದು ಒಳ್ಳೆಯ ಪ್ರಶ್ನೆ. ‘ಆಫ್’ನ ಮೂಲ ಚಿತ್ರ ಬೇರ್ಪಡುವುದು, ಕಳಚಿಕೊಂಡು ಆಚೆ ಹೋಗುವುದು. ಕರೆಂಟಿನಿಂದ ಬೇರ್ಪಟ್ಟರೆ ದೀಪ ಆರುತ್ತದೆ, ಅದು ‘ಲೈಟ್ಸ್ ವೆಂಟ್ ಆಫ್’. ಬಿಗಿಹಿಡಿದದ್ದು ಕಳಚಿಕೊಂಡರೆ ಗುಂಡು ಹಾರುತ್ತದೆ, ಬಾಂಬ್ ಸಿಡಿಯುತ್ತದೆ, ಅಲಾರಂ ಬಡಿದುಕೊಳ್ಳುತ್ತದೆ. ಅದೂ ‘ವೆಂಟ್ ಆಫ್’. ಚಿತ್ರ ಒಂದೇ, ಫಲ ಬೇರೆ. ವಾರ್ತೆಯಲ್ಲಿ ‘ಎ ಬಾಂಬ್ ವೆಂಟ್ ಆಫ್’ ಕೇಳಿ ಬಾಂಬ್ ನಿಷ್ಕ್ರಿಯ ಆಯಿತು ಅಂತ ಅನುವಾದ ಮಾಡಿದವರನ್ನು ಕಂಡಿದ್ದೇನೆ. ಅಪಾಯದ ತಪ್ಪು ಅದು.

‘ಸೈನ್ ಆಫ್’ ಅಂದರೆ ಪತ್ರ ಅಥವಾ ಕಾರ್ಯಕ್ರಮ ಮುಗಿಸಿ ಹೊರಡುವುದು. ‘ಟೆಲ್ ಆಫ್’ ಅಂದರೆ ಗದರಿಸುವುದು. ‘ಟೆಲ್’ ಇದೆ ಅಂತ ‘ಹೇಳು’ ಅಂದುಕೊಳ್ಳಬೇಡಿ.

ಇಂಗ್ಲಿಷ್ ಪತ್ರಿಕೆಯ ಶೀರ್ಷಿಕೆಗಳು ಯಾಕೆ ಅರ್ಥವಾಗುವುದಿಲ್ಲ?

ಅಲ್ಲಿ ಜಾಗ ಕಡಿಮೆ, ‘ಇಸ್’, ‘ದ’ ಎಲ್ಲ ಬಿಟ್ಟುಬಿಡುತ್ತಾರೆ. ಉಳಿದ ಮೂರು ನಾಲ್ಕು ಪದಗಳಲ್ಲಿ ಒಂದು ಫ್ರೇಸಲ್ ವರ್ಬ್ ಇದ್ದರೆ ಇಡೀ ಸುದ್ದಿ ಅದರ ಮೇಲೆ ನಿಂತಿರುತ್ತದೆ. ‘ಕಾಲ್’ ಒಂದನ್ನೇ ನೋಡಿ. ‘ಯೂನಿಯನ್ಸ್ ಕಾಲ್ ಫಾರ್ ಸ್ಟ್ರೈಕ್’ ಅಂದರೆ ಮುಷ್ಕರಕ್ಕೆ ಕರೆ ಕೊಟ್ಟರು. ‘ಯೂನಿಯನ್ಸ್ ಕಾಲ್ ಆಫ್ ಸ್ಟ್ರೈಕ್’ ಅಂದರೆ ಮುಷ್ಕರ ಕೈಬಿಟ್ಟರು. ನಾಳೆ ಬಸ್ ಇದೆಯೋ ಇಲ್ಲವೋ ಅನ್ನುವುದು ಈ ಪುಟ್ಟ ಪದದಲ್ಲಿದೆ. ‘ಮಿನಿಸ್ಟರ್ ಕಾಲ್ಸ್ ಆನ್ ಗವರ್ನರ್’ ಅಂದರೆ ಮಂತ್ರಿಗಳು ರಾಜ್ಯಪಾಲರನ್ನು ಭೇಟಿ ಮಾಡಿದರು. ಫೋನ್ ಮಾಡಿದ್ದಲ್ಲ.

‘ಹಿಟ್ಸ್ ಔಟ್ ಅಟ್’ ಅಂದರೆ ವಾಗ್ದಾಳಿ. ಯಾರೂ ಯಾರಿಗೂ ಹೊಡೆದಿಲ್ಲ. ‘ಸ್ಟೆಪ್ಸ್ ಡೌನ್’ ಅಂದರೆ ಹುದ್ದೆಯಿಂದ ಕೆಳಗಿಳಿದರು. ನಾವೂ ‘ಅಧಿಕಾರದಿಂದ ಇಳಿದರು’ ಅಂತಲೇ ಅಲ್ವಾ ಹೇಳೋದು. ‘ಸ್ವೋರ್ನ್ ಇನ್’ ಅಂದರೆ ಪ್ರಮಾಣವಚನ ತೆಗೆದುಕೊಂಡರು.

ಸುದ್ದಿ ಹೇಗೆ ನಡೆದಾಡುತ್ತದೆ ಅನ್ನುವುದಕ್ಕೂ ಒಂದು ಸೊಗಸಾದ ಗುಂಪಿದೆ. ಗುಟ್ಟಾದದ್ದು ಸೋರಿದರೆ ‘ಲೀಕ್ ಔಟ್’. ಬಯಲಾದರೆ ‘ಕಮ್ ಔಟ್’. ಅಧಿಕೃತವಾಗಿ ಹೇಳಿಕೆ ಬಿಡುಗಡೆ ಮಾಡಿದರೆ ‘ಪುಟ್ ಔಟ್’. ಬಾಯಿ ತಪ್ಪಿ ಹೇಳಿಬಿಟ್ಟರೆ ‘ಬ್ಲರ್ಟ್ ಔಟ್’. ಎಲ್ಲದರಲ್ಲೂ ‘ಔಟ್’ ಹೊರಗೆ ಅಂತಲೇ ಇದೆ. ದೊಡ್ಡದನ್ನು ಸಣ್ಣದು ಮಾಡಿ ಹೇಳಿದರೆ ‘ಪ್ಲೇ ಡೌನ್’, ಸಣ್ಣದನ್ನು ಉಬ್ಬಿಸಿದರೆ ‘ಪ್ಲೇ ಅಪ್’. ಬಾಯಿ ಮುಚ್ಚಿಸಿ ಅಡಗಿಸಿದರೆ ‘ಹಷ್ ಅಪ್’.

ಪತ್ರಿಕೆ ‘ಹೊರತರು’ವುದಕ್ಕೆ ‘ಬ್ರಿಂಗ್ ಔಟ್’ ಅನ್ನುತ್ತಾರೆ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರತಂದರು. ಆ ವಾಕ್ಯವನ್ನು ಇಂಗ್ಲಿಷಿಗೆ ತರಲು ‘ಬ್ರಾಟ್ ಔಟ್’ ಬಿಟ್ಟು ಬೇರೆ ಪದ ಹುಡುಕಬೇಕಿಲ್ಲ. ಹೊರಗೆ, ತರು. ಎರಡೂ ಭಾಷೆ ಒಂದೇ ಚಿತ್ರ ಬರೆದಿವೆ.

ರೇಡಿಯೋ, ಟಿವಿಗೆ ಯಾವುವು?

‘ಟ್ಯೂನ್ ಇನ್’ ಮುಖ್ಯ. ಹಳೆಯ ರೇಡಿಯೋದಲ್ಲಿ ಗುಂಡಿ ತಿರುಗಿಸಿ ಮುಳ್ಳನ್ನು ಸರಿಯಾದ ಜಾಗಕ್ಕೆ ತಂದಾಗ ಗರಗರ ಸದ್ದು ಹೋಗಿ ದನಿ ಸಿಗುತ್ತಿತ್ತು. ನಮಗೆ ಈ ನೆನಪು ಪರಕೀಯವೇನಲ್ಲ. ಮೈಸೂರಿನಲ್ಲಿ 1935ರಲ್ಲೇ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ನಡೆಸಿದರು. ‘ಆಕಾಶವಾಣಿ’ ಅನ್ನುವ ಹೆಸರು ಅಲ್ಲಿಂದ ಬಂದು ಇಡೀ ದೇಶದ ರೇಡಿಯೋದ ಹೆಸರಾಯಿತು.

ಆಕಾಶವಾಣಿಯ ‘ನೇರ ಫೋನ್-ಇನ್ ಕಾರ್ಯಕ್ರಮ’ ಕೇಳಿದ್ದೀರಾ? ರೈತರೊಬ್ಬರು ಫೋನ್ ಮಾಡಿ ಅಡಿಕೆಯ ಕೊಳೆರೋಗದ ಬಗ್ಗೆ ಕೇಳುತ್ತಾರೆ, ಸ್ಟುಡಿಯೋದಲ್ಲಿ ಕೂತ ತಜ್ಞರು ಉತ್ತರಿಸುತ್ತಾರೆ. ಅವರು ಹೊರಗಿನಿಂದ ಒಳಗೆ ಫೋನ್ ಮಾಡಿದರು, ಅದಕ್ಕೇ ‘ಫೋನ್ ಇನ್’. ಸದ್ದು ಕಡಿಮೆ ಮಾಡುವುದು ‘ಟರ್ನ್ ಡೌನ್’, ಜಾಸ್ತಿ ಮಾಡುವುದು ‘ಟರ್ನ್ ಅಪ್’. ಬಂದ ಸಂಬಂಧವನ್ನೋ ಕೆಲಸವನ್ನೋ ಬೇಡ ಅಂದರೂ ‘ಟರ್ನ್ ಡೌನ್’.

ನನಗೆ ಒಂದೂ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ನಿಮಗೆ ಆಗಲೇ ಹತ್ತಾರು ಬರುತ್ತವೆ. ಪ್ರಿಂಟೌಟ್ ತೆಗೆಸುತ್ತೀರಿ. ಫೋಟೋ ಬ್ಯಾಕಪ್ ಮಾಡುತ್ತೀರಿ. ಲಾಗಿನ್ ಆಗುತ್ತೀರಿ. ಬೆಂಗಳೂರಿನಲ್ಲಿದ್ದರೆ ಯಾವುದೋ ಲೇಔಟ್‌ನಲ್ಲಿ ಮನೆ ಮಾಡಿರುತ್ತೀರಿ. ‘ಲೇ ಔಟ್’ ಅಂದರೆ ಹರಡಿ ಜೋಡಿಸು. ನಿವೇಶನಗಳನ್ನು ಜೋಡಿಸಿದರೂ ಲೇಔಟ್, ಪತ್ರಿಕೆಯ ಪುಟದಲ್ಲಿ ಸುದ್ದಿ, ಚಿತ್ರ ಜೋಡಿಸಿದರೂ ಲೇಔಟ್. ಇವೆಲ್ಲ ಹೆಸರಾಗಿ, ಅಂದರೆ ನಾಮಪದವಾಗಿ, ಕನ್ನಡಕ್ಕೆ ಬಂದ ಫ್ರೇಸಲ್ ವರ್ಬ್‌ಗಳು. ಅವನ್ನು ಮತ್ತೆ ಬಿಡಿಸಿ ಕ್ರಿಯಾಪದ ಮಾಡಿ, ಮೊದಲ ಪಾಠ ಅದೇ.

ಬಿಡಿಸುವಾಗ ಎರಡು ಬದಲಾವಣೆ. ಹೆಸರಾದಾಗ ಸೇರಿಸಿ ಬರೆಯುತ್ತಾರೆ, ಕ್ರಿಯಾಪದವಾದಾಗ ಬಿಡಿಸಿ. ಹಾಗೇ, ಹೆಸರಿನಲ್ಲಿ ಒತ್ತು ಮೊದಲ ಭಾಗಕ್ಕೆ, ‘ಪ್ರಿಂಟ್’ಗೆ. ಕ್ರಿಯಾಪದದಲ್ಲಿ ಒತ್ತು ಪುಟ್ಟ ಪದಕ್ಕೆ, ‘ಔಟ್’ಗೆ. ನಾವು ಪುಟ್ಟ ಪದವನ್ನು ನುಂಗಿಬಿಡುತ್ತೇವೆ. ಕೇಳುವವರಿಗೆ ಬೇಕಾದದ್ದೇ ಅದು.

ಅಂದಹಾಗೆ ‘ಲಾಗ್’ ಅಂದರೆ ಮರದ ದಿಮ್ಮಿ. ಹಡಗಿನ ವೇಗ ಅಳೆಯಲು ಹಗ್ಗ ಕಟ್ಟಿದ ಮರದ ತುಂಡನ್ನು ನೀರಿಗೆ ಎಸೆಯುತ್ತಿದ್ದರು. ಆ ಲೆಕ್ಕ ಬರೆಯುವ ಪುಸ್ತಕ ಲಾಗ್‌ಬುಕ್ ಆಯಿತು. ಅದರಲ್ಲಿ ದಾಖಲಿಸುವುದೇ ಮುಂದೆ ‘ಲಾಗ್ ಇನ್’ ಆಗಿ ಕಂಪ್ಯೂಟರಿಗೆ ಬಂತು.

‘ಟರ್ನ್ ಆಫ್ ಇಟ್’ ಸರಿಯೋ ‘ಟರ್ನ್ ಇಟ್ ಆಫ್’ ಸರಿಯೋ?

‘ಟರ್ನ್ ಇಟ್ ಆಫ್’. ಇಟ್, ಹಿಮ್, ಹರ್, ಮಿ, ದೆಮ್ ಥರದ ಚಿಕ್ಕ ಸರ್ವನಾಮ ಬಂದರೆ ಅದು ಮಧ್ಯೆ ಕೂರುತ್ತದೆ: ‘ಕಾಲ್ ಮಿ ಬ್ಯಾಕ್’, ‘ಪುಟ್ ಹರ್ ಥ್ರೂ’. ಪೂರ್ತಿ ಹೆಸರಾದರೆ ಎರಡೂ ನಡೆಯುತ್ತದೆ: ‘ಟರ್ನ್ ಆಫ್ ದ ರೇಡಿಯೋ’, ‘ಟರ್ನ್ ದ ರೇಡಿಯೋ ಆಫ್’. ಬಿಡಿಸಲು ಬಾರದವೂ ಇವೆ. ‘ಲುಕ್ ಇನ್‌ಟು ಇಟ್’, ‘ಕಾಲ್ ಆನ್ ಹಿಮ್’ ಹಾಗೇ ಇರಬೇಕು. ಕಲಿಯುವವರಿಗೆಂದೇ ಮಾಡಿದ ನಿಘಂಟುಗಳಲ್ಲಿ ಮುಖ್ಯ ಕ್ರಿಯಾಪದದ ಕೊನೆಯಲ್ಲಿ ಇವನ್ನು ಕೊಟ್ಟು, ಯಾವುದನ್ನು ಬಿಡಿಸಬಹುದು ಅಂತ ತೋರಿಸಿರುತ್ತಾರೆ.

ಆಫೀಸ್ ಇಮೇಲ್‌ನಲ್ಲಿ ಬಳಸಬಹುದಾ? ಇವು ಆಡುಮಾತಲ್ವಾ?

ಧಾರಾಳವಾಗಿ ಬಳಸಿ. ‘ಐ ವಿಲ್ ಗೆಟ್ ಬ್ಯಾಕ್ ಟು ಯು ಬೈ ಫ್ರೈಡೇ’ ಅಂದರೆ ಶುಕ್ರವಾರದೊಳಗೆ ಉತ್ತರ ಕೊಡುತ್ತೇನೆ. ‘ವಿ ಆರ್ ಲುಕಿಂಗ್ ಇನ್‌ಟು ಇಟ್’ ಅಂದರೆ ಪರಿಶೀಲಿಸುತ್ತಿದ್ದೇವೆ. ‘ಫಾಲೋ ಅಪ್’ ಅಂದರೆ ಬೆನ್ನುಹತ್ತಿ ವಿಚಾರಿಸುವುದು. ‘ಲುಕಿಂಗ್ ಫಾರ್ವರ್ಡ್ ಟು’ ಆದಮೇಲೆ ‘ಮೀಟ್’ ಬರೆಯಬೇಡಿ, ‘ಮೀಟಿಂಗ್ ಯು’ ಬರೆಯಿರಿ. ‘ರಿವರ್ಟ್ ಬ್ಯಾಕ್’ ಬೇಡ, ‘ರಿಪ್ಲೈ’ ಸಾಕು. ಪ್ರಬಂಧ, ವರದಿಗಳಲ್ಲಿ ಮಾತ್ರ ಸ್ವಲ್ಪ ಕೈಬಿಗಿ ಹಿಡಿಯಿರಿ. ಅಲ್ಲೂ ‘ಪಾಯಿಂಟ್ ಔಟ್’, ‘ಕ್ಯಾರಿ ಔಟ್’ ಸಲ್ಲುತ್ತವೆ.

ಬ್ರಿಟಿಷರಿಗೂ ಅಮೆರಿಕದವರಿಗೂ ವ್ಯತ್ಯಾಸ ಇದೆಯಾ?

ಸ್ವಲ್ಪ. ಬ್ರಿಟನ್ನಿನಲ್ಲಿ ‘ರಿಂಗ್ ಅಪ್’, ‘ರಿಂಗ್ ಆಫ್’. ಅಮೆರಿಕದಲ್ಲಿ ‘ಕಾಲ್ ಅಪ್’, ‘ಹ್ಯಾಂಗ್ ಅಪ್’. ಫಾರಂ ತುಂಬುವುದಕ್ಕೆ ಬ್ರಿಟನ್ನಿನಲ್ಲಿ ‘ಫಿಲ್ ಇನ್’, ಅಮೆರಿಕದಲ್ಲಿ ‘ಫಿಲ್ ಔಟ್’ ಜಾಸ್ತಿ. ಮೊಬೈಲಿಗೆ ನಾವು ಕರೆನ್ಸಿ ಹಾಕಿಸಿದರೆ ಬ್ರಿಟನ್ನಿನವರು ‘ಟಾಪ್ ಅಪ್’ ಮಾಡುತ್ತಾರೆ.

ಎಷ್ಟು ಕಲಿತರೆ ಸಾಕು? ಹೇಗೆ ಕಲಿಯೋದು?

ಐನೂರರ ಪಟ್ಟಿ ಡೌನ್‌ಲೋಡ್ ಮಾಡಿ ಬಾಯಿಪಾಠ ಮಾಡುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಷ್ಟು ಶ್ರಮ, ವಾರ ಕಳೆದರೆ ಏನೂ ಉಳಿಯುವುದಿಲ್ಲ. ಬದಲಿಗೆ ವಾರಕ್ಕೆ ಒಂದು ಸಂದರ್ಭ ಹಿಡಿಯಿರಿ. ಈ ವಾರ ಬರೀ ಫೋನ್, ಏಳೆಂಟು ಪದ. ಮುಂದಿನ ವಾರ ಪತ್ರಿಕೆ. ಪ್ರತಿ ಪದದ ಎದುರು ಕನ್ನಡದಲ್ಲಿ ಅದಕ್ಕೆ ಹೊಂದುವ ಮಾತು ಬರೆಯಿರಿ. ‘ಗೆಟ್ ಥ್ರೂ’ ಎದುರು ‘ಸಂಪರ್ಕ ಸಾಧಿಸು’ ಬೇಡ, ‘ಲೈನ್ ಸಿಗು’ ಅಂತ ಬರೆಯಿರಿ. ಕೆಳಗೆ ನಿಮ್ಮದೇ ಜೀವನದ ಒಂದು ವಾಕ್ಯ. ‘ಐ ಕುಡಂಟ್ ಗೆಟ್ ಥ್ರೂ ಟು ಅಮ್ಮ ಯೆಸ್ಟರ್ಡೇ.’ ಅದು ಮರೆಯುವುದಿಲ್ಲ.

ಕೇಳಲು ಬಿಬಿಸಿಯ ಇಂಗ್ಲಿಷ್ ಕಲಿಕೆಯ ಕಾರ್ಯಕ್ರಮಗಳಿವೆ. 1943ರಿಂದ ನಡೆದು ಬಂದಿರುವ ಸೇವೆ ಅದು, ದುಡ್ಡು ಕೊಡಬೇಕಿಲ್ಲ. ದಿನಕ್ಕೆ ಆರು ನಿಮಿಷ ಸಾಕು.

‘ಶಟ್ ಅಪ್’ ಅನ್ನಬಹುದಾ?

ತೀರಾ ಸಲುಗೆಯ ಗೆಳೆಯರ ನಡುವೆ ನಡೆಯುತ್ತದೆ. ಬೇರೆಲ್ಲೂ ಬೇಡ, ಅದು ‘ಬಾಯ್ಮುಚ್ಚು’. ತರಗತಿ ಗಲಾಟೆ ಮಾಡುತ್ತಿದ್ದರೆ ‘ಕ್ವಾಯಟ್ ಡೌನ್, ಪ್ಲೀಸ್’ ಅನ್ನಿ. ಮಾತಿನ ಮಧ್ಯೆ ಬಾಯಿ ಹಾಕಲೇಬೇಕಾದರೆ ‘ಸಾರಿ ಟು ಕಟ್ ಇನ್’ ಅಂತ ಶುರು ಮಾಡಿ. ಆ ಕಡೆಯವರು ‘ಗೋ ಆನ್’ ಅಂದರೆ ಹೊರಡು ಅಂತಲ್ಲ, ‘ಹೇಳಿ, ಕೇಳ್ತಿದ್ದೀನಿ’ ಅಂತ.